ಹಳೇ ಜೀಪಿಗೆ ಆಟೋ ಹೆಡ್‌ಲೈಟ್: ಹಾಕ್ಸಿ, ಆದ್ರೆ ಹಳೇ ಸ್ವಿಚ್ ಕೀಳಬೇಡಿ

ಮೂಡಿಗೆರೆ ಕಡೆ ಗಾಡಿ ವೈರಿಂಗ್ ಕೆಲಸ ಮಾಡುವವನು ನಾನು. ಹೊಸ ಕಾರಲ್ಲಿ ಕತ್ತಲಾದ ಕೂಡಲೇ ಲೈಟ್ ತಾನೇ ಹತ್ತುವುದನ್ನು ನೋಡಿ, "ನಮ್ಮ ತೋಟದ ಜೀಪಿಗೂ ಹಂಗೇ ಮಾಡಿಕೊಡಿ ಮಾರಾಯ್ರೇ" ಅಂತ ಬರುವವರು ಈಗ ಜಾಸ್ತಿ. ಮಾಡಬಹುದು, ಕಷ್ಟವೇನಿಲ್ಲ. ಆದರೆ ಲೈಟ್ ಹತ್ತಿಸುವುದು ಇದರಲ್ಲಿ ಸುಲಭದ ಭಾಗ. ಯಾವಾಗ ಹತ್ತಬಾರದು, ಯಾವಾಗ ಡ್ರೈವರ್ ಕೈಯಲ್ಲೇ ಇರಬೇಕು ಅನ್ನೋದರಲ್ಲೇ ತಲೆ ಖರ್ಚಾಗುವುದು.

ಸೆನ್ಸರ್ ಅಂದರೆ ಎಲ್‌ಡಿಆರ್, ಬೆಳಕು ಗುರುತಿಸುವ ಬಿಡಿಭಾಗ, ಕಡಲೆಬೇಳೆಯಷ್ಟು ದೊಡ್ಡದು. ಬೆಳಕು ಬಿದ್ದರೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ಕತ್ತಲಾದರೆ ಏರುತ್ತದೆ. ಅದನ್ನು ನೋಡಿಕೊಂಡು ಸೆನ್ಸರಿನ ಸರ್ಕ್ಯೂಟ್ ಬೋರ್ಡು ರಿಲೇ ಎಳೆಯುತ್ತದೆ (ರಿಲೇ ಅಂದರೆ ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು), ಅಷ್ಟೇ. ಬೋರ್ಡಿನ ಮೇಲಿರುವ ಪುಟ್ಟ ರಿಲೇಗೇ ಹೆಡ್‌ಲೈಟ್ ಕೊಟ್ಟುಬಿಡುವವರಿದ್ದಾರೆ, ಹಾಗೆ ಮಾಡಬೇಡಿ. ಎಚ್4 ಬಲ್ಬ್ ಡಿಮ್ಮಿನಲ್ಲಿ 55 ವ್ಯಾಟ್, ಎರಡು ಸೇರಿ 110. ಹನ್ನೆರಡು ವೋಲ್ಟಿಗೆ ಲೆಕ್ಕ ಹಾಕಿದರೆ 9 ಆಂಪಿಯರ್ ದಾಟುತ್ತದೆ. ಬೋರ್ಡಿನ ರಿಲೇ 30 ಆಂಪಿಯರ್‌ನ ಗಾಡಿ ರಿಲೇಯನ್ನು ಎಳೆದರೆ ಸಾಕು. ಬಲ್ಬಿನ ಕರೆಂಟು ಬ್ಯಾಟರಿಯಿಂದಲೇ ಫ್ಯೂಸ್ ಹಾಕಿದ ದಪ್ಪ ವೈರಲ್ಲಿ ಬರಲಿ. ಇದರಲ್ಲೊಂದು ಲಾಭವೂ ಇದೆ. ಹಳೇ ಜೀಪುಗಳಲ್ಲಿ ಅಷ್ಟೂ ಕರೆಂಟು ಸವೆದ ಸ್ವಿಚ್ಚನ್ನೇ ಹಾದು ಬರುವುದರಿಂದ, ಮೀಟರ್ ಹಿಡಿದರೆ ಬಲ್ಬ್ ಹೋಲ್ಡರಲ್ಲಿ ಬ್ಯಾಟರಿಗಿಂತ ಎರಡು ವೋಲ್ಟ್ ಕಮ್ಮಿ ಸಿಕ್ಕಿದರೂ ಆಶ್ಚರ್ಯವಿಲ್ಲ. ರಿಲೇ ಹಾಕಿದ ಮೇಲೆ ಓನರು "ಬಲ್ಬ್ ಹೊಸದಾ?" ಅಂತ ಕೇಳುತ್ತಾರೆ.

ಯಾವ ವೈರ್ ಕತ್ತರಿಸುವ ಮುಂಚೆಯೂ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಕೆಲವು ಗಾಡಿಗಳಲ್ಲಿ ಸ್ವಿಚ್ಚು ಪಾಸಿಟಿವ್ ಕೊಡುತ್ತದೆ. ಜಪಾನ್ ಮೂಲದ ಹಲವು ಕಾರುಗಳಲ್ಲಿ ಬಲ್ಬಿಗೆ ಪಾಸಿಟಿವ್ ಮೊದಲೇ ಬಂದಿರುತ್ತದೆ, ಸ್ವಿಚ್ಚು ಅರ್ಥ್ (ನೆಗೆಟಿವ್) ಕೊಡುತ್ತದೆ. ಒಂದರ ಡ್ರಾಯಿಂಗ್ ಹಿಡಿದು ಇನ್ನೊಂದಕ್ಕೆ ಕೆಲಸ ಮಾಡಿದರೆ ಫ್ಯೂಸ್ ಹೋಗುತ್ತದೆ, ಇಲ್ಲವೇ ಲೈಟ್ ಆರುವುದೇ ಇಲ್ಲ.

ನಮ್ಮ ಕಡೆ ಇನ್ನೊಂದು ತಾಪತ್ರಯ ಸಿಲ್ವರ್ ಓಕ್ ನೆರಳು. ತೋಟದ ರಸ್ತೆಯಲ್ಲಿ ನೆರಳು, ಬಿಸಿಲು, ನೆರಳು, ಬಿಸಿಲು. ಡಿಲೇ ಇಲ್ಲದ ಬೋರ್ಡ್ ಹಾಕಿದರೆ ಲೈಟು ಪಟಪಟ ಅಂತ ಹತ್ತಿ ಆರುತ್ತದೆ, ಎದುರಿಗೆ ಬಂದವರು ದಾರಿ ಕೇಳ್ತಿದ್ದೀರಿ ಅಂದ್ಕೊಂಡು ಪಕ್ಕಕ್ಕೆ ನಿಲ್ಲಿಸುತ್ತಾರೆ. ಹತ್ತಲು ಕೆಲವು ಸೆಕೆಂಡು, ಆರಲು ಅದಕ್ಕಿಂತ ಜಾಸ್ತಿ ಹೊತ್ತು ಇಡಬೇಕು. ಹತ್ತುವ ಬೆಳಕಿನ ಮಟ್ಟಕ್ಕೂ ಆರುವ ಮಟ್ಟಕ್ಕೂ ಅಂತರ ಇರಬೇಕು. ಬೋರ್ಡಿಗೆ ಕರೆಂಟು ಇಗ್ನಿಷನ್ ಲೈನಿಂದ ಕೊಡಿ, ಇಲ್ಲದಿದ್ದರೆ ಶೆಡ್ಡಲ್ಲಿ ನಿಲ್ಲಿಸಿದ ಗಾಡಿ ಕತ್ತಲಾಯ್ತು ಅಂತ ಲೈಟ್ ಹತ್ತಿಸಿಕೊಂಡು ಬೆಳಗ್ಗೆ ಹೊತ್ತಿಗೆ ಬ್ಯಾಟರಿ ಖಾಲಿ ಮಾಡಿರುತ್ತದೆ. ಶೆಡ್ಡಲ್ಲಿ ಕೀ ಆನ್ ಇಟ್ಟು ರಿಪೇರಿ ಮಾಡುವಾಗ ಬೇಕಾಗುತ್ತದೆ ಅಂತ ಆಟೋ ಲೈನಿಗೆ ಒಂದು ಸಣ್ಣ ಆಫ್ ಸ್ವಿಚ್ಚನ್ನೂ ಹಾಕುತ್ತೇನೆ.

ಇನ್ನು ಮಂಜು. ಜುಲೈನಲ್ಲಿ ಚಾರ್ಮಾಡಿ ಇಳಿಯುವಾಗ ಮಧ್ಯಾಹ್ನವೇ ಮುಂದಿನ ಗಾಡಿ ಕಾಣುವುದಿಲ್ಲ ಅಲ್ವಾ? ಆದರೆ ಮಂಜು ಬೆಳ್ಳಗಿರುತ್ತದೆ. ಎಲ್‌ಡಿಆರ್‌ಗೆ ಅದು ಹಗಲೇ, ಲೈಟ್ ಹತ್ತುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 105ನೇ ನಿಯಮ ಸೂರ್ಯ ಮುಳುಗುವ ಲೆಕ್ಕ ಹೇಳಿ ಸುಮ್ಮನಾಗುವುದಿಲ್ಲ, 155 ಮೀಟರ್ ಮುಂದಿರುವ ಜನ, ಗಾಡಿ ಸರಿಯಾಗಿ ಕಾಣುವಷ್ಟು ಬೆಳಕಿಲ್ಲದಾಗಲೂ ದೀಪ ಹತ್ತಿರಬೇಕು ಅನ್ನುತ್ತದೆ. ಆ ದೂರ ಅಳೆಯುವುದು ನಿಮ್ಮ ಕಣ್ಣು. ಅದಕ್ಕೇ ಹಳೇ ಸ್ವಿಚ್ಚನ್ನು ನಾನು ಮುಟ್ಟುವುದಿಲ್ಲ, ಆಟೋ ಲೈನನ್ನು ಅದರ ಪಕ್ಕಕ್ಕೆ ಸೇರಿಸುತ್ತೇನೆ. ಡ್ರೈವರ್ ಆನ್ ಮಾಡಿದರೆ ಸೆನ್ಸರ್ ಏನೇ ಅಂದರೂ ಲೈಟ್ ಹತ್ತಬೇಕು.

ಹಾಗೇ ಹಿಂದಿನ ಲೈಟನ್ನೂ ಮರೆಯಬೇಡಿ. ಹಿಂದಿನ ಲೈಟಿಗೆ ಹೋಗುವ ಪಾರ್ಕ್ ಲೈನಿಗೆ ಬೇರೆ ರಿಲೇ ಕೊಟ್ಟು ಎರಡೂ ಒಟ್ಟಿಗೆ ಹತ್ತುವಂತೆ ಮಾಡಿ. ಮುಂದೆ ಝಗಝಗ, ಹಿಂದೆ ಕತ್ತಲು ಅಂದರೆ ಹಿಂದಿನಿಂದ ಬರುವ ಲಾರಿಗೆ ನೀವು ಕಾಣುವುದೇ ಇಲ್ಲ. ಹೈಬೀಮನ್ನೂ ಆಟೋ ಮಾಡಿ ಅಂತ ಕೇಳಿಕೊಂಡು ಬಂದವರಿಗೆ ಮಾತ್ರ ನಾನು ಆಗಲ್ಲ ಅಂತಲೇ ಹೇಳಿ ಕಳಿಸುತ್ತೇನೆ.