ದೀಪ ಎಂಟೂ ಹತ್ತಿತು, ನೆಟ್ ಬರಲಿಲ್ಲ

ಶನಿವಾರ ಸಂಜೆ

ನಮ್ಮದು ಶಿರಸಿ ಹತ್ತಿರದ ಹಳೆ ಮನೆ. ಗೋಡೆ ಎಲ್ಲ ಕೆಂಪು ಕಲ್ಲಿನದು, ಒಂದೂವರೆ ಅಡಿ ದಪ್ಪ. ಫೈಬರ್ ಬಾಕ್ಸ್ (ಮನೆಗೆ ನೆಟ್ ಹಂಚುವ ರೂಟರ್ ಅದೇ) ಇರುವುದು ಜಗಲಿಯಲ್ಲಿ, ಕಂಪ್ಯೂಟರ್ ಇರುವುದು ಹಿಂದಿನ ಕೋಣೆಯಲ್ಲಿ. ನಡುವೆ ಮೂರು ಗೋಡೆ. ವೈಫೈ ಅಲ್ಲಿಗೆ ಮುಟ್ಟುವುದೇ ಇಲ್ಲ. ಅದಕ್ಕೇ ಅಟ್ಟದ ಮೇಲಿಂದ ಲ್ಯಾನ್ ಕೇಬಲ್ ಎಳೆದಿದ್ದೆವು. ಐದು ವರ್ಷ ಚೆನ್ನಾಗಿ ನಡೆಯಿತು. ಹೋದ ವಾರ ಅಡಿಕೆ ಚೀಲದ ಹಿಂದೆ ಇಲಿ ಅದನ್ನು ಮೂರು ಕಡೆ ಕಡಿದಿತ್ತು.

ಪರಿಚಯದ ಹುಡುಗನೊಬ್ಬ ನಿನ್ನೆ ಬಂದು ಹೊಸ ಕೇಬಲ್ ಎಳೆದು ಕೊಟ್ಟ. ಸುಮಾರು 30 ಮೀಟರ್. ಎರಡೂ ತುದಿಗೆ ಪ್ಲಗ್ ಹಾಕಿ, ಒಳಗಿನ ಎಂಟು ತಂತಿಗಳನ್ನು ಪರೀಕ್ಷಿಸುವ ಟೆಸ್ಟರ್ ಸಿಕ್ಕಿಸಿ ತೋರಿಸಿದ. ಒಂದರಿಂದ ಎಂಟರವರೆಗೆ ಹಸಿರು ದೀಪ ಸಾಲಾಗಿ ಹತ್ತಿತು. ಸರಿ ಅಂತ ಕಳಿಸಿಕೊಟ್ಟೆ.

ಇವತ್ತು ಕಂಪ್ಯೂಟರ್ ಹಾಕಿದರೆ ನೆಟ್ ಇಲ್ಲ. ಅಜ್ಜನ ಕಾಲದ ಫೋಟೋಗಳನ್ನು ಸ್ಕ್ಯಾನ್ ಮಾಡಿ ಪುಣೆಯಲ್ಲಿರುವ ಅಕ್ಕನಿಗೆ ಕಳಿಸುತ್ತಿದ್ದೇನೆ. 140 ಫೋಟೋ ಬಾಕಿ ಇದೆ. ಆ ಕೆಲಸ ನಿಂತಿತು. ಏನೇನು ನೋಡಿದೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ಬರೆಯದಿದ್ದರೆ ನಾಳೆ ಮತ್ತೆ ಅದನ್ನೇ ನೋಡುತ್ತಾ ಕೂರಬೇಕಾಗುತ್ತದೆ.

ಕಂಪ್ಯೂಟರ್ ಹಿಂದಿನ ಪೋರ್ಟಿನ ದೀಪ ಎರಡು ಮೂರು ಸೆಕೆಂಡು ಹತ್ತುತ್ತದೆ, ಆರುತ್ತದೆ. ಮತ್ತೆ ಹತ್ತುತ್ತದೆ. ಐಪಿಕಾನ್ಫಿಗ್ (ಕಂಪ್ಯೂಟರಿನ ನೆಟ್ ವಿಳಾಸ ತೋರಿಸುವ ಕಮಾಂಡ್) ಕೊಟ್ಟರೆ ಹೆಚ್ಚಿನ ಸಲ 'ಮೀಡಿಯಾ ಡಿಸ್ಕನೆಕ್ಟೆಡ್', ಅಂದರೆ ಕೇಬಲ್ ಸಂಪರ್ಕವೇ ಇಲ್ಲ ಅನ್ನುತ್ತದೆ. ಒಂದು ಸಲ ಮಾತ್ರ ದೀಪ ಸ್ವಲ್ಪ ಹೊತ್ತು ನಿಂತಿತು. ಆಗ ವಿಳಾಸದ ಜಾಗದಲ್ಲಿ 169.254 ಅಂತ ಶುರುವಾಗುವ ನಂಬರ್ ಬಂತು. ಈ ನಂಬರನ್ನು ರೂಟರ್ ಕೊಡುವುದಿಲ್ಲ. ಕೇಳಿದ್ದಕ್ಕೆ ರೂಟರಿನಿಂದ ಉತ್ತರ ಬಾರದಿದ್ದಾಗ ಕಂಪ್ಯೂಟರ್ ತಾನೇ ಹಾಕಿಕೊಳ್ಳುವ ನಂಬರ್ ಅದು. ನಮ್ಮ ರೂಟರ್ ಕೊಡುವುದು 192.168.1 ಅಂತ ಶುರುವಾಗುವಂಥದ್ದು.

ಜಗಲಿಯಲ್ಲಿ ನಿಂತು ಫೋನಿನಲ್ಲಿ ವೈಫೈ ನೋಡಿದೆ. ನೆಟ್ ಚೆನ್ನಾಗಿದೆ. ಅಂದರೆ ಫೈಬರ್ ಸರಿ ಇದೆ. ಬಾಕ್ಸಿನಲ್ಲಿ ಬೇರೆ ಪೋರ್ಟಿಗೆ ಹಾಕಿದೆ. ಅದೇ ಕಥೆ.

ಭಾನುವಾರ

ಬೆಳಿಗ್ಗೆ ಕಂಪ್ಯೂಟರನ್ನೇ ಜಗಲಿಗೆ ಹೊತ್ತು ತಂದೆ. ಬಾಕ್ಸ್ ಜೊತೆ ಬಂದಿದ್ದ ಒಂದು ಮೀಟರಿನ ಕೇಬಲ್ ಹಾಕಿದೆ. ತಕ್ಷಣ ನೆಟ್ ಬಂತು. ವೇಗ 1 ಗಿಗಾಬಿಟ್ (1000 ಮೆಗಾಬಿಟ್) ಅಂತ ತೋರಿಸಿತು. ಕಂಪ್ಯೂಟರ್ ಸರಿ, ಬಾಕ್ಸ್ ಸರಿ. ಉಳಿದದ್ದು ಅಟ್ಟದ ಕೇಬಲ್ ಒಂದೇ, ಅಲ್ವಾ? ಆದರೆ ಆ ಎಂಟು ಹಸಿರು ದೀಪವನ್ನು ನಾನೇ ಕಣ್ಣಾರೆ ನೋಡಿದ್ದೆ. ಅದನ್ನು ನಂಬಿ ಇಡೀ ಮಧ್ಯಾಹ್ನ ಬೇರೆ ದಾರಿ ಹಿಡಿದೆ. ರಿಯಲ್‌ಟೆಕ್ ಡ್ರೈವರ್ (ಕೇಬಲ್ ಪೋರ್ಟನ್ನು ನಡೆಸುವ ಸಾಫ್ಟ್‌ವೇರ್) ತೆಗೆದು ಹೊಸದು ಹಾಕಿದೆ. ನೆಟ್‌ವರ್ಕ್ ರೀಸೆಟ್ ಮಾಡಿದೆ. ಕರೆಂಟ್ ಉಳಿಸುವ ಸೆಟ್ಟಿಂಗ್ ಆಫ್ ಮಾಡಿದೆ. ವೈರ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಹಾಕಿದೆ. ಏನೂ ಆಗಲಿಲ್ಲ. ಪ್ರತಿ ಭಾನುವಾರ ಸಂಜೆ ಆಯಿ ದೊಡ್ಡ ಪರದೆಯಲ್ಲಿ ಅಕ್ಕನ ಮಕ್ಕಳನ್ನು ನೋಡುವುದು. ಇವತ್ತು ಫೋನಿನಲ್ಲೇ ಮಾತಾಡಿಸಿದೆ. 'ಮಕ್ಕಳ ಮುಖವೇ ಸರಿ ಕಾಣ್ತಿಲ್ಲ' ಅಂದಳು.

ರಾತ್ರಿ ಕೊನೆಗೆ ಕಂಪ್ಯೂಟರಿನಲ್ಲಿ ಅಡಾಪ್ಟರಿನ (ಕೇಬಲ್ ಸಿಕ್ಕಿಸುವ ಭಾಗದ) ಪ್ರಾಪರ್ಟೀಸ್ ತೆರೆದೆ. ಅಲ್ಲಿ 'ಸ್ಪೀಡ್ ಅಂಡ್ ಡ್ಯೂಪ್ಲೆಕ್ಸ್' ಅಂತ ಒಂದು ಸಾಲು ಇರುತ್ತದೆ. 'ಆಟೋ' ಇದ್ದದ್ದನ್ನು 100 ಮೆಗಾಬಿಟ್ ಮಾಡಿದೆ. ಲಿಂಕ್ ಬಿದ್ದು ಬಿದ್ದು ಎದ್ದಿತು. 10 ಮೆಗಾಬಿಟ್, ಹಾಫ್ ಡ್ಯೂಪ್ಲೆಕ್ಸ್ (ಒಂದು ಸಲಕ್ಕೆ ಒಂದು ಕಡೆಯವರು ಮಾತ್ರ ಕಳಿಸುವುದು) ಮಾಡಿದೆ. ದೀಪ ಹತ್ತಿತು, ಆರಲಿಲ್ಲ! ಪುಟಗಳು ನಿಧಾನವಾಗಿ ತೆರೆದುಕೊಂಡವು. (ಹಾಫ್ ಯಾಕೆಂದರೆ, ಈ ಕಡೆ ವೇಗವನ್ನು ಕೈಯಿಂದ ಹಾಕಿದಾಗ ಆಟೋದಲ್ಲಿರುವ ರೂಟರ್ ವೇಗವನ್ನು ಮಾತ್ರ ಕಂಡುಹಿಡಿಯುತ್ತದೆ, ಉಳಿದದ್ದಕ್ಕೆ ಹಾಫ್ ಅಂತಲೇ ಇಟ್ಟುಕೊಳ್ಳುತ್ತದೆ. ಎರಡೂ ಕಡೆ ಒಂದೇ ಇರಬೇಕು.)

ಕಡಿಮೆ ವೇಗದಲ್ಲಿ ನಡೆಯುತ್ತದೆ, ಹೆಚ್ಚಿನ ವೇಗದಲ್ಲಿ ಬೀಳುತ್ತದೆ. ಹಾಗಾದರೆ ಡ್ರೈವರ್ ಮೇಲಿನ ಅನುಮಾನ ಬಿಡಬೇಕು. ತಂತಿ ಒಂದು ತುದಿಯಿಂದ ಇನ್ನೊಂದು ತುದಿಗೆ ಮುಟ್ಟಿದೆ, ಆದರೆ ದಾರಿಯಲ್ಲಿ ಸಿಗ್ನಲ್ ಕೆಡುತ್ತಿದೆ.

ಸೋಮವಾರ

ಚಾಕುವಿನಿಂದ ಉಳಿಕೆ ಕೇಬಲಿನ ಒಂದು ತಂತಿಯನ್ನು ಕೆರೆದು ನೋಡಿದೆ. ಅಗ್ಗದ ಕೇಬಲಿನಲ್ಲಿ ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರ ಬಳಿದಿರುತ್ತಾರೆ, ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ನಮ್ಮದು ಒಳಗೂ ಕೆಂಪಗೇ ಇತ್ತು. ಒಳ್ಳೆ ತಾಮ್ರ.

ಸುಮ್ನೆ ಕೂತು ಎರಡು ಪ್ಲಗ್ ಪಕ್ಕಪಕ್ಕ ಹಿಡಿದೆ. ಒಂದು ನಮ್ಮ ಅಟ್ಟದ ಕೇಬಲಿನದು, ಇನ್ನೊಂದು ಬಾಕ್ಸ್ ಜೊತೆ ಬಂದ ರೆಡಿ ಕೇಬಲಿನದು. ಪ್ಲಗ್ ಪಾರದರ್ಶಕ, ಒಳಗಿನ ಬಣ್ಣ ಕಾಣುತ್ತದೆ. ರೆಡಿ ಕೇಬಲಿನಲ್ಲಿ ಕ್ರಮ ಹೀಗಿತ್ತು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನಮ್ಮದರಲ್ಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು. ಓಡಿಹೋಗಿ ಜಗಲಿಯ ತುದಿ ನೋಡಿದೆ. ಅಲ್ಲೂ ಹಾಗೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಎರಡೂ ತುದಿಯಲ್ಲಿ ಒಂದೇ ಕ್ರಮ ಇದ್ದರೆ ಆಯಿತಲ್ಲ, ಬಣ್ಣ ಯಾವುದಾದರೇನು ಅಂತ ಅನಿಸುತ್ತದೆ. ಟೆಸ್ಟರ್ ಕೂಡ ಅಷ್ಟನ್ನೇ ನೋಡುತ್ತದೆ: ಈ ಕಡೆಯ ಮೂರನೇ ತಂತಿ ಆ ಕಡೆ ಮೂರನೇ ಜಾಗಕ್ಕೆ ಬಂತೇ? ಬಂತು, ದೀಪ ಹತ್ತಿತು.

ಆದರೆ ಈ ಕೇಬಲಿನ ಜೀವ ಇರುವುದು ಜೋಡಿಯಲ್ಲಿ. ಎಂಟು ತಂತಿಗಳು ನಾಲ್ಕು ಜೋಡಿಯಾಗಿ, ಆಯಿ ದೇವರ ಬತ್ತಿ ಹೊಸೆದ ಹಾಗೆ, ಒಂದಕ್ಕೊಂದು ಹೊಸೆದುಕೊಂಡಿರುತ್ತವೆ. ಒಂದು ಜೋಡಿಯ ಎರಡು ತಂತಿಯಲ್ಲಿ ಒಂದೇ ಸಿಗ್ನಲ್ ತಿರುಗುಮುರುಗಾಗಿ ಹೋಗುತ್ತದೆ. ಹೊರಗಿನ ಗದ್ದಲ ಎರಡಕ್ಕೂ ಸಮವಾಗಿ ತಾಗುತ್ತದೆ. ಆ ತುದಿಯಲ್ಲಿ ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುವುದರಿಂದ ಗದ್ದಲ ಕಳೆದುಹೋಗುತ್ತದೆ. ಗ್ರಹಾಂ ಬೆಲ್ 1881ರಲ್ಲೇ ಟೆಲಿಫೋನ್ ತಂತಿಗಾಗಿ ಇದಕ್ಕೆ ಪೇಟೆಂಟ್ ಪಡೆದಿದ್ದ. ಇವತ್ತಿಗೂ ಅದೇ ಉಪಾಯ ನಮ್ಮ ಅಟ್ಟದ ಮೇಲೆ ಕೆಲಸ ಮಾಡುತ್ತಿದೆ. ನನಗೆ ಇದು ತುಂಬ ಇಷ್ಟವಾದ ವಿಷಯ.

ಪ್ಲಗಿನಲ್ಲಿ ಜೋಡಿ ಯಾವ್ಯಾವುದು? 1-2 ಒಂದು, 3-6 ಒಂದು, 4-5 ಒಂದು, 7-8 ಒಂದು. ನಡುವಿನ 4-5 ಹಳೆ ಟೆಲಿಫೋನ್ ಲೈನಿನ ಜಾಗ. ಅದಕ್ಕೆ ತೊಂದರೆ ಆಗದಂತೆ 3-6 ಅದರ ಎರಡೂ ಬದಿಗೆ ನಿಂತಿದೆ. ನಮ್ಮ ಪ್ಲಗಿನಲ್ಲಿ 3ರಲ್ಲಿ ಬಿಳಿ-ಹಸಿರು, 6ರಲ್ಲಿ ನೀಲಿ. ಅವು ಒಟ್ಟಿಗೆ ಹೊಸೆದ ತಂತಿಗಳೇ ಅಲ್ಲ. ಒಂದು ಹಸಿರಿನ ಜೊತೆ ಸುತ್ತಿಕೊಂಡಿದೆ, ಇನ್ನೊಂದು ಬಿಳಿ-ನೀಲಿ ಜೊತೆ. 30 ಮೀಟರ್ ಉದ್ದಕ್ಕೂ ಒಂದರ ಮಾತು ಇನ್ನೊಂದಕ್ಕೆ ಸೋರುತ್ತಿತ್ತು. ಮಾರುದ್ದದ ಕೇಬಲ್ ಆಗಿದ್ದರೆ ಇದು ಗೊತ್ತೇ ಆಗದಿರಬಹುದಿತ್ತು.

ದೀಪ ಹತ್ತಿ ಆರುತ್ತಿದ್ದದ್ದೂ ಈಗ ಅರ್ಥವಾಯಿತು. ಯಾವ ವೇಗದಲ್ಲಿ ಹೋಗೋಣ ಅಂತ ಎರಡು ಕಡೆಯವರು ಮೊದಲು ಮಾತಾಡಿಕೊಳ್ಳುವುದು ತೀರ ನಿಧಾನದ ಸಿಗ್ನಲಿನಲ್ಲಿ. ಅದು ಕೆಟ್ಟ ಕೇಬಲಿನಲ್ಲೂ ದಾಟುತ್ತದೆ. 1 ಗಿಗಾಬಿಟ್ ಅಂತ ಒಪ್ಪಿಕೊಂಡರು, ಓಡಲು ಹೊರಟರು, ಬಿದ್ದರು. ಮತ್ತೆ ಮೊದಲಿನಿಂದ.

ಬುಧವಾರ

ಮಂಗಳವಾರ ಪೇಟೆಯಿಂದ ಹತ್ತು ಆರ್‌ಜೆ45 ಪ್ಲಗ್ ತಂದೆ. ಪ್ಲಗನ್ನು ಕೇಬಲಿಗೆ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್, ಟೆಸ್ಟರ್ ಎರಡನ್ನೂ ಸಿಸಿಟಿವಿ ಕೆಲಸ ಮಾಡುವ ಪಕ್ಕದ ಮನೆಯ ಭಾವ ಕೊಟ್ಟ.

ಮೊದಲು ಕೋಣೆಯ ತುದಿ ಕತ್ತರಿಸಿದೆ. ಹೊರ ಸಿಪ್ಪೆ ಒಂದಿಂಚು ತೆಗೆದು, ಬಣ್ಣ ಜೋಡಿಸಿ, ತುದಿ ಸಮ ಮಾಡಿ, ಒತ್ತಿ ತುರುಕಿದೆ. ಹೊಸೆದದ್ದನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬಾರದು, ಇದನ್ನು ಮರೆಯಬೇಡಿ. ಸಿಪ್ಪೆ ಪ್ಲಗಿನ ಒಳಗೆ ಬಂದು, ಒತ್ತಿದಾಗ ಅದರ ಹಿಡಿತಕ್ಕೆ ಸಿಗಬೇಕು. ಎರಡು ಪ್ಲಗ್ ಹಾಳಾಯಿತು. ಒಂದರಲ್ಲಿ ಕಂದು ತಂತಿ ಮುಂದಿನವರೆಗೆ ಮುಟ್ಟಿರಲಿಲ್ಲ, ಇನ್ನೊಂದರಲ್ಲಿ ನೀಲಿ, ಹಸಿರು ಅದಲುಬದಲಾಗಿತ್ತು. ಮೂರನೆಯದು ಸರಿ ಬಂತು.

ಒಂದು ತುದಿ ಮಾತ್ರ ಸರಿ ಮಾಡಿ ಬೇಕಂತಲೇ ಟೆಸ್ಟರ್ ಹಾಕಿ ನೋಡಿದೆ. ಈ ಕಡೆ ಒಂದರಿಂದ ಎಂಟು. ಆ ಕಡೆ 1, 2, 3, 6, 5, 4, 7, 8. ಹೀಗೆ ಹತ್ತಬೇಕು ಅಂತ ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದೆ. ಅದೇ ಬಂದಾಗ ತುಂಬ ಸಂತೋಷವಾಯಿತು. ಆಮೇಲೆ ಜಗಲಿಯ ತುದಿಯನ್ನೂ ಕತ್ತರಿಸಿ ಹೊಸದು ಹಾಕಿದೆ.

ಸೆಟ್ಟಿಂಗನ್ನು ಮತ್ತೆ ಆಟೋಗೆ ತಂದು ಕೇಬಲ್ ಸಿಕ್ಕಿಸಿದೆ. ದೀಪ ಹತ್ತಿತು, ನಿಂತಿತು. 1 ಗಿಗಾಬಿಟ್. ರೂಟರಿಗೆ 500 ಪಿಂಗ್ (ಉತ್ತರ ಬರುತ್ತದೆಯೇ ಅಂತ ನೋಡುವ ಸಣ್ಣ ಸಂದೇಶ) ಕಳಿಸಿದೆ, ಒಂದೂ ತಪ್ಪಲಿಲ್ಲ, ಎಲ್ಲ ಒಂದು ಮಿಲಿಸೆಕೆಂಡಿನ ಒಳಗೆ. ಆಯಿ ಅಡುಗೆಮನೆಯಿಂದಲೇ 'ಆತಾ?' ಅಂದಳು. ಆತು ಅಂದೆ. ರಾತ್ರಿಯೊಳಗೆ 52 ಫೋಟೋ ಅಕ್ಕನಿಗೆ ಹೋಯಿತು.

ಗುರುವಾರ

ಕೇಬಲ್ ಹಾಕಿದ ಹುಡುಗನನ್ನು ಕರೆದು ಎರಡೂ ಪ್ಲಗ್ ತೋರಿಸಿದೆ. ಹಳೆಯದನ್ನು ಕತ್ತರಿಸಿ ಇಟ್ಟಿದ್ದೆ. ಅವನು ಬಹಳ ಹೊತ್ತು ತಿರುಗಿಸಿ ನೋಡಿದ. 'ನಮಗೆ ಕಲಿಸಿದವರು ಎರಡೂ ಕಡೆ ಒಂದೇ ಥರ ಇರಲಿ ಅಂದಿದ್ರು ಅಣ್ಣ, ಅಷ್ಟೇ' ಅಂದ. ಸರಿಯಾದ ಕ್ರಮದ ಫೋಟೋ ತೆಗೆದುಕೊಂಡ. ಇನ್ನೂ ಎರಡು ಮನೆಗೆ ಹೀಗೇ ಹಾಕಿದ್ದಾನಂತೆ, ಅದರಲ್ಲಿ ಒಂದು ಮನೆಯವರು ನೆಟ್ ನಿಧಾನ ಅಂತ ಫೋನ್ ಮಾಡುತ್ತಲೇ ಇದ್ದಾರಂತೆ. ನಾಳೆ ಬೆಳಿಗ್ಗೆಯೇ ಅಲ್ಲಿಗೆ ಹೋಗುತ್ತೇನೆ ಅಂದ. ಉಳಿದ ಪ್ಲಗ್‌ಗಳಲ್ಲಿ ನಾಲ್ಕನ್ನು ಅವನಿಗೇ ಕೊಟ್ಟೆ.

ಇನ್ನು ಉಳಿದಿರುವುದು ಅಟ್ಟದ ಮೇಲೆ ಪಿವಿಸಿ ಪೈಪ್ ಹಾಕಿ ಕೇಬಲನ್ನು ಅದರೊಳಗೆ ತೂರಿಸುವ ಕೆಲಸ. ಇಲಿ ಹೇಗೂ ಬಂದೇ ಬರುತ್ತದೆ. ಕರೆಂಟಿನ ವೈರ್ ಇರುವ ಪೈಪಿನಲ್ಲೇ ಇದನ್ನೂ ಹಾಕಿಬಿಡೋಣ ಅಂತ ಭಾವ ಹೇಳಿದ. ಬೇಡ ಅಂದೆ, ಬೇರೆ ಪೈಪ್ ತರುತ್ತೇನೆ. ಮಳೆ ಹಿಡಿಯುವ ಮೊದಲು ಮುಗಿಸಬೇಕು.