ನೆಲನೆಲ್ಲಿಯ ಎಲೆ ಯಾವುದು?

ಸಸ್ಯ ಗುರುತಿಸುವ ಪಾಠಕ್ಕೆ ಚಾರ್ಟ್ ತರಲೇಬೇಡಿ ಅಂತ ನಮ್ಮ ಬಿ.ಎಡ್. ಪ್ರಶಿಕ್ಷಣಾರ್ಥಿಗಳಿಗೆ ಮೊದಲೇ ಹೇಳಿಬಿಡುತ್ತೇನೆ. ಚಾರ್ಟಿನಲ್ಲಿರುವುದು ಹುಳ ಮುಟ್ಟದ ದಾಸವಾಳ. ನಾಳೆ ಶಾಲೆಯಲ್ಲಿ ಮಗು ಕಿತ್ತು ತಂದು ಮೂಗಿಗೆ ಹಿಡಿಯುವುದು ಬೇಲಿ ಬದಿಯ ಕಳೆ.

ಹಾಗಾಗಿ ಹಾಸ್ಟೆಲ್ ಹಿಂದಿನ ಖಾಲಿ ಜಾಗವೇ ನಮ್ಮ ಪ್ರಯೋಗಾಲಯ. ಬೆಳಿಗ್ಗೆ ಬೇರು ಸಮೇತ ಕಿತ್ತು, ಒದ್ದೆ ಪೇಪರಿನಲ್ಲಿ ಸುತ್ತಿ ತರಬೇಕು. ಇಲ್ಲದಿದ್ದರೆ ತುಂಬೆ ಹೂ ದಾರಿಯಲ್ಲೇ ಉದುರಿ ಹೋಗುತ್ತದೆ. ಎಕ್ಕ, ಪಾರ್ಥೇನಿಯಂ ಮಾತ್ರ ನಿಂತಲ್ಲೇ ನೋಡುವುದು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಪಾರ್ಥೇನಿಯಂ ಕೆಲವರಿಗೆ ಮುಟ್ಟಿದರೆ ಸಾಕು, ತುರಿಕೆ.

ನನಗೆ ತುಂಬ ಇಷ್ಟದ ಜೋಡಿ ಕರಿಬೇವು ಮತ್ತು ನೆಲನೆಲ್ಲಿ. ಪಕ್ಕಪಕ್ಕ ಇಟ್ಟು "ಎಲೆ ಎಲ್ಲಿ ಶುರುವಾಗುತ್ತೆ, ತೋರಿಸಿ" ಅನ್ನುತ್ತೇನೆ.

"ಎರಡೂ ಸಂಯುಕ್ತ ಎಲೆ ಮೇಡಂ," ಅಂದಳು ಮುಂದಿನ ಬೆಂಚಿನ ಹುಡುಗಿ, ಪುಸ್ತಕ ನೋಡದೆಯೇ. ಸಂಯುಕ್ತ ಅಂದರೆ ಒಂದೇ ಕಡ್ಡಿಯ ಮೇಲೆ ಹಲವು ಕಿರುಎಲೆಗಳಿದ್ದು, ಎಲ್ಲ ಸೇರಿ ಒಂದೇ ಎಲೆ.

"ನೆಲನೆಲ್ಲಿ ತಿರುಗಿಸಿ ನೋಡಮ್ಮ."

ತಿರುಗಿಸಿದರೆ ಸಾಸಿವೆಯಷ್ಟು ಹಸಿರು ಕಾಯಿಗಳು ಸಾಲಾಗಿ ನೇತಾಡುತ್ತಿವೆ, ಪ್ರತಿ ಪುಟ್ಟ ಎಲೆಯ ಕಂಕುಳಲ್ಲೂ, ಅಂದರೆ ಎಲೆ ಕಡ್ಡಿಗೆ ಸೇರುವ ಸಂದಿಯಲ್ಲಿ. ಹೂವು, ಕಾಯಿ, ಮೊಗ್ಗು ಬರುವುದು ಎಲೆಯ ಕಂಕುಳಲ್ಲಿ. ಕಿರುಎಲೆಯ ಬುಡದಲ್ಲಿ ಬರುವುದಿಲ್ಲ. ಅಂದಮೇಲೆ ಅವು ಒಂದೊಂದೂ ಪೂರ್ತಿ ಎಲೆ, ಅವನ್ನು ಹೊತ್ತ ಕಡ್ಡಿ ಒಂದು ರೆಂಬೆ. ಕರಿಬೇವಿನಲ್ಲಿ ಮೊಗ್ಗು ಸಿಗುವುದು ಇಡೀ ಕಡ್ಡಿ ಕಾಂಡಕ್ಕೆ ಸೇರುವಲ್ಲಿ. ಲೆನ್ಸ್ ಕೈಯಿಂದ ಕೈಗೆ ಹೋಯಿತು. "ನಮ್ಮೂರಲ್ಲಿ ಇದನ್ನ ಕಾಮಾಲೆಗೆ ಅರೆದು ಕೊಡ್ತಾರೆ, ಇಷ್ಟು ದಿನ ಹಿಂದೆ ತಿರುಗಿಸಿ ನೋಡೇ ಇಲ್ಲ," ಅಂದ ಕೊನೆಯ ಸಾಲಿನವನು.

ಮತ್ತೆ ತುಳಸಿ, ತುಂಬೆ. ಕಾಂಡವನ್ನು ಬೆರಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆ ಗೊತ್ತಾಗುತ್ತದೆ. ಚೌಕ ಕಾಂಡ, ಎದುರುಬದುರು ಎಲೆ ಅಂದರೆ ತುಳಸಿ ಕುಟುಂಬ ಅಂತ ಎಲ್ಲರೂ ಬರೆದುಕೊಂಡ ಮೇಲೆ ಬೇರೆ ಕುಟುಂಬದ ಲಂಟಾನ ಕೊಡುತ್ತೇನೆ. ಅದಕ್ಕೂ ಚೌಕ ಕಾಂಡ, ಎದುರುಬದುರು ಎಲೆ! ಸ್ವಲ್ಪ ಗಲಾಟೆಯಾಗುತ್ತದೆ, ಆಗಲಿ. ಕಾಯಿ ಬಿಡಿಸಿದರೆ ಜಗಳ ಮುಗಿಯಿತು: ತುಂಬೆಯ ಒಣ ಪುಷ್ಪಪಾತ್ರೆಯೊಳಗೆ (ಹೂವಿನ ಬುಡದ ಬಟ್ಟಲು) ಬೀಜದಂಥ ನಾಲ್ಕು ಗಟ್ಟಿ ಕಿರುಕಾಯಿಗಳು, ಲಂಟಾನದಲ್ಲಿ ರಸ ತುಂಬಿದ ಕಪ್ಪು ಹಣ್ಣು.

ಈ ವರ್ಷ ರೆಕಾರ್ಡ್ ಬುಕ್ಕಿನಲ್ಲಿ ಗಿಡದ ಹೆಸರಿನ ಕಾಲಂ ಕೊನೆಗೆ ಹಾಕಿಸಿದ್ದೇನೆ. ಕಂಡದ್ದು ಬರೆಯದೆ ಬರೀ ಹೆಸರು ಬರೆದವರಿಗೆ ಅರ್ಧ ಅಂಕ. ಗೊಣಗಾಟ ಈಗಾಗಲೇ ಶುರುವಾಗಿದೆ.