ಎಡಗೈ ಮಗಳ ಬಿಳಿ ಜಾಕೆಟ್

ಪಾರ್ಸೆಲ್ ಬಂದದ್ದು ಮಧ್ಯಾಹ್ನ ಎರಡು ಗಂಟೆಗೆ. ಏಪ್ರಿಲ್ ತಿಂಗಳ ಬಳ್ಳಾರಿ ಬಿಸಿಲು. ಕರೆಂಟ್ ಹೋಗಿ ಮಿಷನ್ ನಿಂತಿತ್ತು, ಸಂಜೆಯೊಳಗೆ ಕೊಡಬೇಕಾದ ಪ್ಯಾಂಟಿನ ಲಾಟ್ ಅರ್ಧಕ್ಕೇ ಬಿದ್ದಿತ್ತು. ಅದನ್ನೆಲ್ಲ ಬದಿಗೆ ಸರಿಸಿ ಕತ್ತರಿ ತಗೊಂಡು ಪಾರ್ಸೆಲ್ ಬಿಚ್ಚಿದೆ. ಒಳಗೆ ಮಗಳ ಫೆನ್ಸಿಂಗ್, ಅಂದರೆ ಕತ್ತಿವರಸೆ ಆಟದ ಜಾಕೆಟ್. ಬೆಳ್ಳಗೆ, ದಪ್ಪಗೆ, ಹೊಸ ಬಟ್ಟೆಯ ಗಂಜಿ ವಾಸನೆ ಇನ್ನೂ ಹೋಗಿರಲಿಲ್ಲ. ಎತ್ತಿ ಹಿಡಿದ ಕೂಡಲೇ ಗೊತ್ತಾಯಿತು. ಜಿಪ್ ತಪ್ಪು ಕಡೆ ಇದೆ.

ನನ್ನ ಮಗಳು ಎಡಗೈಯವಳು. ಫೆನ್ಸಿಂಗ್‌ನಲ್ಲಿ ಕತ್ತಿ ಹಿಡಿದ ಕೈಯೇ ಮುಂದೆ ಇರುತ್ತೆ, ಆ ಕಡೆಯ ಮೈ ಎದುರಿನವರಿಗೆ ಹತ್ತಿರ. ಅದಕ್ಕೇ ಜಾಕೆಟ್ ತೆರೆಯುವ ಬಾಯಿ ಯಾವಾಗಲೂ ಇನ್ನೊಂದು ಕಡೆ ಇರಬೇಕು. ಬಲಗೈಯವರಿಗೆ ಎಡಗಡೆ, ಎಡಗೈಯವರಿಗೆ ಬಲಗಡೆ. ಇಲ್ಲದಿದ್ದರೆ ಜಿಪ್ಪಿನ ಸಂದಿಯೇ ಕತ್ತಿಯ ಮೊನೆಗೆ ಎದುರಾಗುತ್ತೆ. ಆರ್ಡರ್ ಮಾಡುವಾಗ ಎಡಗೈ ಅಂತಲೇ ಬರೆದಿದ್ದೆ. ಬಂದದ್ದು ಬಲಗೈಯದು.

ನಾನು 19 ವರ್ಷದಿಂದ ಮನೆಯಲ್ಲೇ ಜೀನ್ಸ್ ಹೊಲಿಯುತ್ತಿದ್ದೇನೆ. ನಮ್ಮ ಊರಿನಲ್ಲಿ ಇದೇನು ಹೊಸದಲ್ಲ, ನಮ್ಮ ಬೀದಿಯಲ್ಲೇ ಎಷ್ಟೋ ಮನೆಗಳಲ್ಲಿ ಮಿಷನ್ ಸದ್ದು ಕೇಳುತ್ತೆ. ಜಿಪ್ ಬಿಚ್ಚಿ ಇನ್ನೊಂದು ಕಡೆಗೆ ಹಚ್ಚುವುದು ನನಗೆ ಒಂದು ಗಂಟೆಯ ಕೆಲಸ. ವಾಪಸ್ ಕಳಿಸಿದರೆ ಕೊರಿಯರ್ ಖರ್ಚು ನಮ್ಮದೇ, ಬದಲಿ ಬರಲು ಇನ್ನೂ ಎರಡು ವಾರ. ಸೀಮ್ ರಿಪ್ಪರ್ ಕೈಗೆ ತಗೊಂಡೂ ಆಗಿತ್ತು. ಆಮೇಲೆ ಏನೋ ಅನ್ನಿಸಿ ಮಗಳ ಕೋಚ್‌ಗೆ ಫೋನ್ ಮಾಡಿದೆ.

"ಅಮ್ಮಾ, ಒಂದು ಹೊಲಿಗೆಯನ್ನೂ ಬಿಚ್ಚಬೇಡಿ" ಅಂದರು. "ಆ ಜಾಕೆಟ್ ಟೆಸ್ಟ್ ಆಗಿರೋದು ಈಗ ಹೆಂಗಿದೆಯೋ ಹಂಗೆ. ನೀವು ಬಿಚ್ಚಿ ಹೊಲಿದರೆ ಅದು ಬೇರೆ ಜಾಕೆಟ್. ಅದಕ್ಕೆ ಜವಾಬ್ದಾರಿ ಯಾರೂ ತಗೊಳ್ಳಲ್ಲ."

ಸಂಜೆ ಪ್ಯಾಂಟ್ ಹೊಲಿಯುತ್ತಾ ಇದನ್ನೇ ಯೋಚಿಸಿದೆ. ಅವರು ಹೇಳಿದ್ದು ಸರಿ. ಬಿಚ್ಚಿದ ಜಾಗದಲ್ಲಿ ಹಳೆ ಸೂಜಿ ತೂತುಗಳು ಸಾಲಾಗಿ ಉಳಿಯುತ್ತವೆ. ಬಟ್ಟೆ ಹರಿಯುವುದೂ ಅಂಥ ಸಾಲಿನಲ್ಲೇ. ಜಾಕೆಟ್ ವಾಪಸ್ ಕಳಿಸಿದೆ.

ಇದನ್ನೆಲ್ಲ ಬರೆಯಲು ಕಾರಣ ಇದೆ. ನಮ್ಮ ಕಡೆ ಫೆನ್ಸಿಂಗ್ ಅಂದರೆ ಹೊಲಕ್ಕೆ ಹಾಕೋ ತಂತಿ ಬೇಲಿ. ಮಗಳು ಸೇರಿದ ಹೊಸದರಲ್ಲಿ ನಮ್ಮ ಅತ್ತೆಯವರೂ "ಹೆಣ್ಣು ಹುಡುಗಿಗೆ ಬೇಲಿ ಕೆಲಸ ಯಾಕೆ" ಅಂತ ಕೇಳಿದ್ದರು. ಅವರನ್ನು ಕೂರಿಸಿ ಭವಾನಿ ದೇವಿಯ ಆಟ ಮೊಬೈಲಿನಲ್ಲಿ ತೋರಿಸಿದೆ. ಚೆನ್ನೈನ ಹುಡುಗಿ, ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಫೆನ್ಸರ್. 2021ರಲ್ಲಿ ಟೋಕಿಯೋದಲ್ಲಿ ಮೊದಲ ಪಂದ್ಯವನ್ನು 15-3ರಿಂದ ಗೆದ್ದರು, ಎರಡನೆಯದರಲ್ಲಿ ಫ್ರಾನ್ಸಿನವರ ಎದುರು 7-15ರಿಂದ ಸೋತರು. ಶಾಲೆಯಲ್ಲಿ ಕಲಿಯುವಾಗ ಅವರಿಗೂ ಮೊದಲು ಸಿಕ್ಕಿದ್ದು ಬಿದಿರು ಕೋಲು. ಅತ್ತೆ ಎರಡು ಸಲ ನೋಡಿ, "ಮುಖಕ್ಕೆ ಜಾಳಿಗೆ ಕಟ್ಟಿದಾರಲ್ಲ, ಅದು ಗಟ್ಟಿ ಇದೆಯೇನೇ?" ಅಂತ ಕೇಳಿದರು. ಎಲ್ಲ ತಾಯಂದಿರೂ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಉತ್ತರ ಹುಡುಕಲು ನನಗೆ ಒಂದು ವರ್ಷ ಹಿಡಿಯಿತು.

ಆಟದಲ್ಲಿ ಮೂರು ಬಗೆಯ ಕತ್ತಿ. ಫಾಯಿಲ್‌ನಲ್ಲಿ ಮೊನೆಯಿಂದ ಮುಂಡಕ್ಕೆ ಮಾತ್ರ ತಾಗಿಸಬೇಕು. ಎಪೆಯಲ್ಲಿ ತಲೆಯಿಂದ ಕಾಲಿನವರೆಗೆ ಎಲ್ಲಿ ತಾಗಿದರೂ ಪಾಯಿಂಟ್. ಸೇಬರ್‌ನಲ್ಲಿ ಸೊಂಟದ ಮೇಲೆ, ಅಲಗಿನಿಂದಲೂ ಹೊಡೆಯಬಹುದು. ಮಗಳದು ಫಾಯಿಲ್.

ಶುರುವಿನಲ್ಲಿ ಕೋಚ್ ಕೊಟ್ಟ ಪಟ್ಟಿ ನೋಡಿ ಎದೆ ಧಸಕ್ಕೆಂದಿತ್ತು. ಮಾಸ್ಕ್, ಜಾಕೆಟ್, ಪ್ಲಾಸ್ಟ್ರಾನ್, ಚೆಸ್ಟ್ ಗಾರ್ಡ್, ಗ್ಲೌಸ್, ಫಾಯಿಲ್. ಎಲ್ಲ ಸೇರಿ ನಮಗೆ ಬಿದ್ದದ್ದು 12,850 ರೂಪಾಯಿ. ನನ್ನ ಒಂದು ತಿಂಗಳ ಹೊಲಿಗೆ ದುಡ್ಡಿಗಿಂತ ಜಾಸ್ತಿ. ಹಾಗಾಗಿ ಜಾಕೆಟ್ ಆದರೂ ನಾನೇ ಹೊಲಿದುಬಿಡೋಣ ಅಂತ ಯೋಚಿಸಿದ್ದು ನಿಜ. ಮನೆಯಲ್ಲಿ ಡೆನಿಮ್‌ಗೆ ಬರ ಇಲ್ಲ. ಪ್ಯಾಂಟಿಗೆ ಬಳಸುವ 14 ಔನ್ಸ್ ಬಟ್ಟೆಯನ್ನು ಎರಡು ಪದರ ಮಾಡಿದರೆ ಸಾಲದೇ?

ಪಟ್ಟಿಯಲ್ಲಿ ಜಾಕೆಟ್ ಮುಂದೆ 350 ಎನ್ ಅಂತ ಬರೆದಿತ್ತು. ಪಿಯುಸಿ ಓದುವ ಮಗನನ್ನು ಕೇಳಿದೆ. ಎನ್ ಅಂದರೆ ನ್ಯೂಟನ್, 350 ನ್ಯೂಟನ್ ಅಂದರೆ ಸುಮಾರು 36 ಕೆ.ಜಿ. ಭಾರ ಒತ್ತಿದಷ್ಟು ಅಂದ. 25 ಕೆ.ಜಿ. ಸೋನಾ ಮಸೂರಿ ಮೂಟೆಯ ಮೇಲೆ ಇನ್ನೊಂದು 10 ಕೆ.ಜಿ. ಚೀಲ ಇಟ್ಟರೂ ಅಷ್ಟಾಗಲ್ಲ. ಆ ಭಾರವೆಲ್ಲ ಒಂದೇ ಮೊನೆಯ ಮೇಲೆ ಬಿದ್ದರೂ ಬಟ್ಟೆ ತಡೆಯಬೇಕು.

ಅವತ್ತು ರಾತ್ರಿಯೇ ಪರೀಕ್ಷೆ ಮಾಡಿದೆವು. ಡೆನಿಮ್ ತುಂಡನ್ನು ನಾಲ್ಕು ಪದರ ಮಡಚಿ ಮರದ ಚೌಕಟ್ಟಿಗೆ ಬಿಗಿಯಾಗಿ ಮೊಳೆ ಹೊಡೆದೆವು. ಚೀಲ ಹೊಲಿಯುವ ದಬ್ಬಳಕ್ಕೆ ಮರದ ಹಿಡಿ ಹಾಕಿ ನಮ್ಮನೆಯವರು ಒತ್ತಿದರು. ಮೊದಲು ಬಟ್ಟೆ ತಗ್ಗಿತು. ಆಮೇಲೆ ಟಕ್ ಅಂತ ಸಣ್ಣ ಸದ್ದು, ದಬ್ಬಳ ಆ ಕಡೆ ಬಂದಿತ್ತು. ಬಲ ಹಾಕಿದ್ದೇ ಇಲ್ಲ ಅಂದರು. ಬಿಚ್ಚಿ ನೋಡಿದರೆ ಎಳೆಗಳು ಕಡಿದಿರಲಿಲ್ಲ, ಸುಮ್ನೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದವು. ಅಂದರೆ ದಪ್ಪ ಇದ್ದರೆ ಸಾಲದು. ಮೊನೆ ಬಂದಾಗ ಎಳೆ ಸರಿಯದಷ್ಟು ಒತ್ತಾದ ನೇಯ್ಗೆ ಬೇಕು. ಇಷ್ಟು ವರ್ಷ ಜೀನ್ಸ್ ಮುಟ್ಟಿದ ಕೈಗೆ ಅದು ಅವತ್ತೇ ತಿಳಿದದ್ದು. ಆ ತುಂಡು ಈಗಲೂ ಮಿಷನ್ ಡ್ರಾಯರಿನಲ್ಲಿದೆ. ನಾನೇ ಜಾಕೆಟ್ ಹೊಲಿಯುವ ಮಾತು ಅಲ್ಲಿಗೆ ಮುಗಿಯಿತು.

ಕತ್ತಿಯ ತುದಿ ಮೊಂಡು, ಅದರ ಮೇಲೆ ರಬ್ಬರ್ ಬೇರೆ ಇರುತ್ತೆ, ಮತ್ತೆ ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಭಯ ಕತ್ತಿ ಸರಿಯಾಗಿದ್ದಾಗಿನದಲ್ಲ, ಮುರಿದಾಗಿನದು. 1982ರಲ್ಲಿ ರೋಮ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸೋವಿಯತ್ ದೇಶದ ವ್ಲಾದಿಮಿರ್ ಸ್ಮಿರ್ನೋವ್ ಆಡುತ್ತಿದ್ದಾಗ ಎದುರಿನವರ ಫಾಯಿಲ್ ಮುರಿಯಿತು. ಮುರಿದ ತುದಿ ಮಾಸ್ಕ್ ಜಾಲರಿ ದಾಟಿ ಕಣ್ಣಿನೊಳಗೆ ಹೋಯಿತು. ಕೆಲವು ದಿನಗಳಲ್ಲಿ ಅವರು ತೀರಿಕೊಂಡರು. ಅವರು ಒಲಿಂಪಿಕ್ ಚಿನ್ನ ಗೆದ್ದವರು. ಆಮೇಲೆಯೇ ಮಾಸ್ಕ್, ಬಟ್ಟೆ, ಅಲಗಿನ ಉಕ್ಕು ಎಲ್ಲದಕ್ಕೂ ನಿಯಮ ಬಿಗಿಯಾದದ್ದು. ಇದನ್ನು ತಿಳಿದ ದಿನ ನನಗೆ ಊಟ ಸೇರಲಿಲ್ಲ. ಮಗಳನ್ನು ಬಿಡಿಸಿಬಿಡೋಣ ಅಂತಲೂ ಅನ್ನಿಸಿತ್ತು. ಆದರೆ ನಿಯಮದ ಪ್ರಕಾರ ಹಾಕಿಕೊಂಡು ಆಡಿದರೆ ದೊಡ್ಡ ಪೆಟ್ಟು ಬೀಳುವುದು ಬಹಳ ಅಪರೂಪ ಅಂತ ಕೋಚ್ ಸಮಾಧಾನವಾಗಿ ವಿವರಿಸಿದರು. ಅವತ್ತಿನಿಂದ ನನ್ನ ಲೆಕ್ಕ ಒಂದೇ. ಮೊನೆಗೂ ಮಗುವಿಗೂ ನಡುವೆ ಇರುವ ವಸ್ತುವಿನಲ್ಲಿ ಒಂದು ರೂಪಾಯಿಯನ್ನೂ ಉಳಿಸುವುದಿಲ್ಲ. ಉಳಿಸುವುದಿದ್ದರೆ ಬೇರೆ ಕಡೆ.

ಮಾಸ್ಕ್ ಮಾತ್ರ ಹಾಕಿ ನೋಡದೆ ತಗೋಬೇಡಿ. ನಮಗೆ ಇಲ್ಲೇ ಒಬ್ಬರು ಹಳೇ ಮಾಸ್ಕ್ 1,000 ರೂಪಾಯಿಗೆ ಕೊಡುತ್ತೇವೆ ಅಂದಿದ್ದರು. ಬಿಸಿಲಿಗೆ ಹಿಡಿದು ನೋಡಿದೆ. ಬಲಗಣ್ಣಿನ ಹತ್ತಿರ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಜಾಲರಿ ಒಳಕ್ಕೆ ತಗ್ಗಿತ್ತು, ಅಲ್ಲಿ ಜಾಲರಿಯ ತೂತುಗಳು ಅಗಲವಾಗಿದ್ದವು. ಗಂಟಲು ಮುಚ್ಚುವ ಬಿಬ್ ಸೇರುವ ಕಡೆ ತುಕ್ಕು. ಬೇಡ ಅಂದೆ. ದೊಡ್ಡ ಪಂದ್ಯಗಳಲ್ಲಿ ಜಾಲರಿಯನ್ನು 12 ಕೆ.ಜಿ. ಒತ್ತುವ ಪಂಚ್ ಅನ್ನೋ ಮೊನೆಯ ಸಾಧನದಿಂದ ಪರೀಕ್ಷೆ ಮಾಡುತ್ತಾರಂತೆ, ಆ ಮಾಸ್ಕ್ ಅದನ್ನು ತಡೆಯುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ. ಕೊನೆಗೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ 4,200 ರೂಪಾಯಿಗೆ ಹೊಸದು ತಂದೆವು. ಅಂಗಡಿಯಲ್ಲಿ ಹಾಕಿಸಿ, ಬಗ್ಗು, ತಲೆ ಅಲ್ಲಾಡಿಸು, ಕುಣಿ ಅಂದೆ. ಮೊದಲ ಎರಡು ಮಾಸ್ಕ್ ಗದ್ದದಿಂದ ಜಾರಿದವು. ಮೂರನೆಯದು ಅಲ್ಲಾಡಲಿಲ್ಲ. 1600 ನ್ಯೂಟನ್‌ನ ಎಫ್‌ಐಇ (ಅಂತರರಾಷ್ಟ್ರೀಯ ಫೆನ್ಸಿಂಗ್ ಸಂಸ್ಥೆ) ಮಾಸ್ಕ್ ಕೂಡ ಅಲ್ಲಿತ್ತು, ಬೆಲೆ ಕೇಳಿ ಕೆಳಗಿಟ್ಟೆ. ಅದು ಅಂತರರಾಷ್ಟ್ರೀಯ ಪಂದ್ಯಕ್ಕೆ ಬೇಕಾದದ್ದು. 12 ವರ್ಷದ ಮಗು ಸಂಜೆ ಅಭ್ಯಾಸಕ್ಕೆ ಹಾಕಿಕೊಳ್ಳಲು 350ರದು, ಹೊಸದು, ಸರಿಯಾಗಿ ಕೂರುವಂಥದ್ದು ಸಾಕು ಅಂತ ಕೋಚ್ ಮೊದಲೇ ಹೇಳಿದ್ದರು.

ಪ್ಲಾಸ್ಟ್ರಾನ್ ಬಗ್ಗೆ ಹೊಲಿಗೆಯವಳಾಗಿ ನಾಲ್ಕು ಮಾತು ಜಾಸ್ತಿ ಹೇಳಬೇಕು. ಅದು ಜಾಕೆಟ್ ಒಳಗೆ, ಕತ್ತಿ ಹಿಡಿದ ಕಡೆ ಮಾತ್ರ ಹಾಕುವ ಅರ್ಧ ಅಂಗಿ. ಎದೆ, ಪಕ್ಕೆ, ಕಂಕುಳು ಮುಚ್ಚುತ್ತೆ. ಜಾಕೆಟ್ ಇದೆಯಲ್ಲ, ಮತ್ತೆ ಇದೇಕೆ ಅಂತ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಜೀನ್ಸ್ ಪ್ಯಾಂಟ್ ಮೊದಲು ಹರಿಯುವುದು ಎಲ್ಲಿ ಹೇಳಿ? ಕಾಲು ಕವಲೊಡೆಯುವಲ್ಲಿ, ನಾಲ್ಕು ತುಂಡು ಸೇರುವ ಹೊಲಿಗೆಯಲ್ಲಿ. ಅಂಗಿಯಲ್ಲಿ ಅಂಥ ಜಾಗ ಕಂಕುಳು. ಕೈ ಚಾಚಿ ನುಗ್ಗಿದಾಗ ಅದು ತೆರೆದುಕೊಳ್ಳುತ್ತೆ, ಒಳಗೆ ಶ್ವಾಸಕೋಶ, ಹೃದಯ. ಅದಕ್ಕೇ ಪ್ಲಾಸ್ಟ್ರಾನ್ ಕಂಕುಳಲ್ಲಿ ಹೊಲಿಗೆ ಬರಲೇಬಾರದು ಅಂತ ನಿಯಮ. ಕೊಳ್ಳುವಾಗ ಒಳಮಗ್ಗುಲು ತಿರುಗಿಸಿ ಬೆರಳಾಡಿಸಿ ನೋಡಿ. ಹೊಲಿಗೆ ಸಿಕ್ಕರೆ ಅಲ್ಲೇ ಇಟ್ಟು ಬನ್ನಿ. ಹೆಣ್ಣುಮಕ್ಕಳಿಗೆ ಇದರ ಕೆಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಚೆಸ್ಟ್ ಗಾರ್ಡ್ ಕಡ್ಡಾಯ.

ಇನ್ನು ಉಳಿಸಿದ್ದು ಎಲ್ಲಿ? ಫೆನ್ಸಿಂಗ್ ಶೂ ತಗೊಳ್ಳಲಿಲ್ಲ, ಬ್ಯಾಡ್ಮಿಂಟನ್ ಶೂನಲ್ಲೇ ಆಡುತ್ತಾಳೆ. ಮೊಣಕಾಲಿನವರೆಗಿನ ಸಾಕ್ಸ್ ಫುಟ್‌ಬಾಲ್‌ನವರದೇ ಆಗುತ್ತೆ. ಚೀಲ ನಾನೇ ಹೊಲಿದೆ. ಫಾಯಿಲ್ 110 ಸೆಂ.ಮೀ. ಮೀರುವಂತಿಲ್ಲ, ಹಾಗಾಗಿ 120 ಸೆಂ.ಮೀ. ಉದ್ದದ ಡೆನಿಮ್ ಚೀಲ, ತುದಿಗೆ ನಾಲ್ಕು ಪದರ, ಹಿಡಿಗೆ ಬಾರ್‌ಟ್ಯಾಕ್, ಅಂದರೆ ಒತ್ತೊತ್ತಾದ ಗಟ್ಟಿ ಹೊಲಿಗೆ. ಈಗ ಅವಳ ಜೊತೆಯ ಮೂರು ಮಕ್ಕಳ ಹೆಗಲಿಗೂ ಅದೇ ಚೀಲ. ಕತ್ತಿಯಲ್ಲೂ ದುಬಾರಿಗೆ ಹೋಗಲಿಲ್ಲ. ಮರೇಜಿಂಗ್ ಉಕ್ಕಿನ ಅಲಗಿನಲ್ಲಿ ಬಿರುಕು ಬೇಗ ಹಬ್ಬುವುದಿಲ್ಲ, ಬಾಳಿಕೆ ಜಾಸ್ತಿ, ಆದರೆ ಬೆಲೆ ಹಲವು ಪಟ್ಟು. ಮಗಳು ಬೆಳೆಯುವ ಹುಡುಗಿ. ಈಗ 2 ನಂಬರಿನ ಗಿಡ್ಡ ಅಲಗು, ನಾಳೆ 5 ನಂಬರಿನ ಪೂರ್ತಿ 90 ಸೆಂ.ಮೀ. ಅಲಗು ಬೇಕಾಗುತ್ತೆ. ಸಾದಾ ಉಕ್ಕಿನದು ತಗೊಂಡು ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ನೋಡುತ್ತೇನೆ. ಗೀರು, ಚೂಪಾದ ಕಚ್ಚು, ಎರಡು ಕಡೆ ಬಾಗಿದ ಡೊಂಕು ಕಂಡರೆ ಅದು ಮನೆಯಲ್ಲೇ ಉಳಿಯುತ್ತೆ. ಮಿಷನ್ ಎಣ್ಣೆ ಒಂದು ಹನಿ ಬಟ್ಟೆಗೆ ಹಾಕಿ ಒರೆಸಿದರೆ ತುಕ್ಕು ಹಿಡಿಯಲ್ಲ.

ಪಂದ್ಯಕ್ಕೆ ಹೋಗುವ ಕಾಲಕ್ಕೆ ಎಲೆಕ್ಟ್ರಿಕ್ ಫಾಯಿಲ್, ಲಾಮೆ, ಬಾಡಿ ವೈರ್ ಸೇರಿದವು. ಲಾಮೆ ಅಂದರೆ ಲೋಹದ ಎಳೆ ಸೇರಿಸಿ ನೇಯ್ದ ಮೇಲಂಗಿ, ಮೊನೆ ತಾಗಿದರೆ ದೀಪ ಹತ್ತಲು. ಬಾಡಿ ವೈರ್ ಅಂದರೆ ಕತ್ತಿಯನ್ನು ಆ ದೀಪದ ಯಂತ್ರಕ್ಕೆ ಜೋಡಿಸಲು ಜಾಕೆಟ್ ಒಳಗಿಂದ ಹೋಗುವ ತಂತಿ. ಇಲ್ಲಿ ಇನ್ನೊಂದು ತಪ್ಪಾಯಿತು. ವೈರ್‌ನಲ್ಲಿ ಎರಡು ಪಿನ್ನಿನದು, ಬಯೋನೆಟ್‌ನದು ಅಂತ ಎರಡು ಜಾತಿ. ನಾನು ತರಿಸಿದ ವೈರ್ ಒಂದು ಜಾತಿ, ಕತ್ತಿಯ ಸಾಕೆಟ್ ಇನ್ನೊಂದು. 700 ರೂಪಾಯಿ ವೈರ್ ಮೂಲೆ ಸೇರಿತು. ಲಾಮೆ ಮಾತ್ರ ಸೆಕೆಂಡ್ ಹ್ಯಾಂಡ್ ತಗೊಂಡೆ. ಅದು ಪೆಟ್ಟು ತಡೆಯುವ ಬಟ್ಟೆ ಅಲ್ಲ, ತಡೆಯುವ ಜಾಕೆಟ್ ಅದರ ಕೆಳಗಿರುತ್ತೆ. ಮಿಷನ್ ರಿಪೇರಿಯಣ್ಣನ ಮಲ್ಟಿಮೀಟರ್ ಕೇಳಿ ತಂದು ಇಡೀ ಲಾಮೆಯ ಮೇಲೆ ಇಂಚಿಂಚು ಆಡಿಸಿದೆ. ಅದು ತೋರಿಸುವ ವಿದ್ಯುತ್ ತಡೆ 5 ಓಮ್ ದಾಟಬಾರದು. ಒಂದು ಹೆಗಲ ಹತ್ತಿರ ಮಾತ್ರ 4 ತೋರಿಸಿತು, ಬೆವರು ಕೂತ ಜಾಗ. ಉಳಿದದ್ದು ಚೆನ್ನಾಗಿತ್ತು.

ಬೆವರಿನ ಮಾತು ಬಂತಲ್ಲ. ನಮ್ಮ ಬಿಸಿಲಲ್ಲಿ ಒಂದು ಗಂಟೆ ಆಡಿದರೆ ಜಾಕೆಟ್ ಹಿಂಡುವ ಹಾಗಾಗುತ್ತೆ. ಚೀಲದಲ್ಲೇ ಬಿಟ್ಟರೆ ಮಾಸ್ಕ್, ಕತ್ತಿ ಎರಡಕ್ಕೂ ತುಕ್ಕು. ಮನೆಗೆ ಬಂದ ಕೂಡಲೇ ಎಲ್ಲ ಹೊರಗೆ ತೆಗೆದು ನೆರಳಲ್ಲಿ ತೂಗುಹಾಕುತ್ತೇವೆ. ಜಾಕೆಟ್‌ಗೆ ತಣ್ಣೀರು, ಸೌಮ್ಯ ಸೋಪು ಅಷ್ಟೇ. ಬಿಳಿ ಬಟ್ಟೆ ಹಳದಿ ಆಯಿತು ಅಂತ ದಯವಿಟ್ಟು ಬ್ಲೀಚ್ ಹಾಕಬೇಡಿ. ಬ್ಲೀಚ್ ಹೊಡೆದ ಬಟ್ಟೆ ಹೇಗೆ ಸೊರಗುತ್ತೆ ಅಂತ ವಾಷಿಂಗ್ ಯೂನಿಟ್‌ಗಳಿರುವ ನಮ್ಮ ಊರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಗಳ ಜಾಕೆಟ್ ಕಂಕುಳಲ್ಲಿ ಹಳದಿಯಾಗಿದೆ. ಇರಲಿ.

ಸರಿಯಾದ ಎಡಗೈ ಜಾಕೆಟ್ 17 ದಿನಕ್ಕೆ ಬಂತು. ಅಷ್ಟು ದಿನ ಅವಳು ಕಾಲಿನ ಅಭ್ಯಾಸ ಮಾತ್ರ ಮಾಡಿದಳು, ಕತ್ತಿ ಮುಟ್ಟಲಿಲ್ಲ. ಒಂದು ಸೈಜ್ ದೊಡ್ಡದೇ ತಗೊಂಡಿದ್ದೆ, ಎರಡು ಸೈಜ್ ಅಲ್ಲ. ಸಡಿಲವಾದರೆ ಮಡಿಕೆಯಲ್ಲಿ ಮೊನೆ ಸಿಕ್ಕಿಕೊಳ್ಳುತ್ತೆ. ತಿಂಗಳಿಗೊಮ್ಮೆ ಅವಳನ್ನು ಮೊಣಕಾಲು ಬಗ್ಗಿಸಿ ಆಟದ ಭಂಗಿಯಲ್ಲಿ ನಿಲ್ಲಿಸಿ ಟೇಪ್ ಹಿಡಿಯುತ್ತೇನೆ. ಜಾಕೆಟ್ ಪ್ಯಾಂಟಿನ ಮೇಲೆ ಕಡಿಮೆ ಅಂದರೂ 10 ಸೆಂ.ಮೀ. ಇಳಿದಿರಬೇಕು. ಮೊನ್ನೆ ಭಾನುವಾರ ಅಳೆದಾಗ 12 ಇತ್ತು. ದಸರಾ ಹೊತ್ತಿಗೆ ಹೊಸದು ಬೇಕಾಗುತ್ತೆ. ಮಿಷನ್ ಪಕ್ಕದ ಡಬ್ಬಿಗೆ ಪ್ರತಿ ಲಾಟ್‌ಗೆ 200 ರೂಪಾಯಿ ಹಾಕಲು ಶುರು ಮಾಡಿದ್ದೇನೆ.